ನೀರಿಲ್ಲದ ಹಳ್ಳವೂ ಉಸಿರಾಡುತ್ತದೆ

2019ರ ಅಕ್ಟೋಬರ್ 12ರಂದು ಸ್ಪೇನ್ ದೇಶದ ಆಗ್ನೇಯ ಕರಾವಳಿಯಲ್ಲಿ ಮೀನುಗಳು ನೀರು ಬಿಟ್ಟು ದಡಕ್ಕೆ ಬರತೊಡಗಿದವು. ಮುರ್ಸಿಯಾ ಪ್ರಾಂತ್ಯದ ಮಾರ್ ಮೆನೊರ್ ಎಂಬ ಉಪ್ಪುನೀರಿನ ಸರೋವರದ ಉತ್ತರ ದಂಡೆ ಅದು. ಹಾವುಮೀನು, ಸೀಗಡಿ, ಏಡಿ, ಎಳೆಯ ಮರಿಗಳು ಪಾದ ಮುಳುಗುವಷ್ಟೇ ಆಳದ ನೀರಿಗೆ ಒತ್ತೊತ್ತಾಗಿ ಬಂದು ಸೇರಿ, ಬಾಯಿ ಅಗಲಿಸಿ, ಒದ್ದಾಡಿ ಸತ್ತವು. ಸತ್ತ ರಾಶಿ ಸುಮಾರು 3 ಟನ್ ತೂಗಿತು. ನೀರಿಗೆ ಯಾರೂ ವಿಷ ಬೆರೆಸಿರಲಿಲ್ಲ. ಸರೋವರದ ತಳದ ನೀರಿನಲ್ಲಿ ಆಮ್ಲಜನಕ ಮುಗಿದುಹೋಗಿತ್ತು. ಅಂದು ಬೀಸಿದ ಗಾಳಿ ಆ ಉಸಿರಿಲ್ಲದ ನೀರನ್ನು ದಡದತ್ತ ತಳ್ಳಿತು. ಅದರಿಂದ ತಪ್ಪಿಸಿಕೊಳ್ಳಲು ಹೊರಟ ಮೀನುಗಳಿಗೆ ಮುಂದೆ ಉಳಿದದ್ದು ಮರಳು ಮಾತ್ರ.

ಅದಕ್ಕೆ ಒಂದು ತಿಂಗಳ ಮೊದಲು, ಸೆಪ್ಟೆಂಬರ್ ಮಧ್ಯದಲ್ಲಿ, ಆ ಸೀಮೆಯ ಮೇಲೆ ಭಾರಿ ಮಳೆ ಸುರಿದಿತ್ತು. ಕೆಲವು ಊರುಗಳಲ್ಲಿ ವರ್ಷವಿಡೀ ಬೀಳುವಷ್ಟು ಮಳೆ ಎರಡು ಮೂರು ದಿನಗಳಲ್ಲೇ ಬಿತ್ತು. ತಿಂಗಳುಗಟ್ಟಲೆ ಒಣಗಿ ಬಿದ್ದಿದ್ದ ಹಳ್ಳಗಳೆಲ್ಲ ಕೆಂಬಣ್ಣದ ನೀರು ತುಂಬಿಕೊಂಡು ಸರೋವರಕ್ಕೆ ನುಗ್ಗಿದವು. ಹಗುರವಾದ ಸಿಹಿನೀರು ಭಾರದ ಉಪ್ಪುನೀರಿನ ಮೇಲೆ ಪದರವಾಗಿ ನಿಂತಿತು, ಕೆಳಗಿನ ನೀರಿಗೆ ಗಾಳಿ ತಾಗದಂತಾಯಿತು. ಹಳ್ಳಗಳು ಹೊತ್ತು ತಂದ ಪೋಷಕಾಂಶ ಉಂಡು ಪಾಚಿ ಬೆಳೆಯಿತು, ಸತ್ತಿತು, ತಳಕ್ಕಿಳಿದು ಕೊಳೆಯಿತು. ಕೊಳೆಯುವ ಕೆಲಸಕ್ಕೆ ಆಮ್ಲಜನಕ ಖರ್ಚಾಯಿತು.

ಹೀಗೆ ಹೇಳಿಬಿಟ್ಟರೆ ಕಥೆ ಮಳೆಯಿಂದ ಆರಂಭವಾದಂತೆ ಕಾಣುತ್ತದೆ. ಆದರೆ ಮಳೆ ತಂದದ್ದು ಮಳೆಯ ಸ್ವತ್ತಲ್ಲ. ಆ ಹೊರೆ ಸಿದ್ಧವಾದದ್ದು ನೀರೇ ಇಲ್ಲದ ತಿಂಗಳುಗಳಲ್ಲಿ, ಯಾರೂ ತಿರುಗಿ ನೋಡದ ಒಣ ಹಳ್ಳಗಳ ತಳದಲ್ಲಿ ಮತ್ತು ಅವುಗಳ ಇಕ್ಕೆಲದ ಹೊಲಗಳಲ್ಲಿ.

ಮುರ್ಸಿಯಾದ ಜನ ಇಂಥ ಹಳ್ಳಗಳಿಗೆ ರಂಬ್ಲಾ ಎನ್ನುತ್ತಾರೆ. ಚಿತ್ರದುರ್ಗ, ಬಳ್ಳಾರಿ, ಕೊಪ್ಪಳದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವರ್ಷದ ಬಹುಭಾಗ ಮರಳು, ಉರುಟುಗಲ್ಲು, ಅಲ್ಲಲ್ಲಿ ಬಿರುಕುಬಿಟ್ಟ ಗೋಡು. ಒಂದು ರಾತ್ರಿಯ ಮಳೆಗೆ ಎದೆಮಟ್ಟದ ಪ್ರವಾಹ. ವಾರ ಕಳೆದರೆ ಮತ್ತೆ ದನ ನಡೆಯುವ ಹಾದಿ. ರಂಬ್ಲಾಗಳ ತಳದಲ್ಲಿ ಜೊಂಡು ಬೆಳೆಯುತ್ತದೆ, ನಮ್ಮಲ್ಲಿ ದೇವರ ಪೂಜೆಗೆ ಕೊಯ್ಯುವ ಕಣಗಿಲೆಯೂ ಅಲ್ಲಿ ಕಾಡುಗಿಡವಾಗಿ ದಂಡೆಯುದ್ದಕ್ಕೂ ಹೂಬಿಡುತ್ತದೆ. ಬಾರ್ಸಿಲೋನಾಕ್ಕೆ ಹೋದ ಪ್ರವಾಸಿಗರೆಲ್ಲ ಓಡಾಡುವ ಪ್ರಸಿದ್ಧ ರಂಬ್ಲಾ ಬೀದಿಯೂ ಹಿಂದೊಮ್ಮೆ ಮಳೆಗಾಲದ ಹಳ್ಳವೇ ಆಗಿತ್ತು.

ಇಂಥ ಹಳ್ಳಗಳು ಭೂಮಿಯ ಮೇಲೆ ಅಪರೂಪವೆಂದು ಬಹುಕಾಲ ತಿಳಿಯಲಾಗಿತ್ತು. 2021ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಆ ತಿಳಿವಳಿಕೆಯನ್ನು ತಲೆಕೆಳಗು ಮಾಡಿತು. ಜಗತ್ತಿನ ನದಿ, ತೊರೆ, ಹಳ್ಳಗಳ ಒಟ್ಟು ಉದ್ದದಲ್ಲಿ ಶೇ 51ರಿಂದ 60ರಷ್ಟು ಭಾಗ ವರ್ಷದಲ್ಲಿ ಕನಿಷ್ಠ ಒಂದು ದಿನವಾದರೂ ಹರಿಯುವುದನ್ನು ನಿಲ್ಲಿಸುತ್ತದೆ ಎಂದು ಅದು ಲೆಕ್ಕ ಹಾಕಿತು. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಜನರಿಗೆ ಅತಿ ಹತ್ತಿರದ ಹೊಳೆ ಎಂದರೆ ಇಂಥ ನಿಂತು ಹರಿಯುವ ಹೊಳೆಯೇ. ಹಾಗಿದ್ದರೂ ನದಿಗಳ ವಿಜ್ಞಾನ ಬೆಳೆದದ್ದು ಸದಾ ತುಂಬಿ ಹರಿಯುವ ನದಿಗಳ ದಂಡೆಯಲ್ಲಿ. ನೀರು ನಿಂತ ದಿನ ಸಂಶೋಧಕರು ಉಪಕರಣ ಕಟ್ಟಿಕೊಂಡು ಮನೆಗೆ ಹೋಗುತ್ತಿದ್ದರು. ನೀರಿಲ್ಲದ ಮೇಲೆ ಅಳೆಯುವುದಕ್ಕೇನಿದೆ?

ಅಳೆಯುವುದಕ್ಕೆ ಬೇಕಾದಷ್ಟಿತ್ತು. ಸ್ಪೇನಿನ ಈಶಾನ್ಯದ ಫ್ಲುವಿಯಾ ನದಿಯ ಜಾಲದಲ್ಲಿ ಕೆಲಸ ಮಾಡಿದ ಸಂಶೋಧಕರು ಒಣಗಿದ ತಳದಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡನ್ನು ಅಳೆದಾಗ, ಅದು ಹರಿಯುವ ನೀರಿನ ಮೇಲ್ಮೈಯಿಂದ ಹೊರಬೀಳುವುದಕ್ಕಿಂತ ಹೆಚ್ಚಾಗಿತ್ತು. 2020ರಲ್ಲಿ ಹಲವು ದೇಶಗಳ ತಂಡವೊಂದು ಜಗತ್ತಿನ ಬೇರೆ ಬೇರೆ ಹವಾಮಾನದ 196 ಒಣಗಿದ ನದಿ, ಕೆರೆ, ಹೊಂಡ, ಜಲಾಶಯಗಳ ತಳವನ್ನು ಒಂದೇ ಬಗೆಯ ವಿಧಾನದಿಂದ ಪರೀಕ್ಷಿಸಿತು. ಈ ಒಣ ತಳಗಳನ್ನೂ ಸೇರಿಸಿಕೊಂಡರೆ ಒಳನಾಡಿನ ಜಲಮೂಲಗಳಿಂದ ವಾತಾವರಣ ಸೇರುವ ಇಂಗಾಲದ ಡೈಆಕ್ಸೈಡಿನ ಲೆಕ್ಕ ಶೇ 6ರಷ್ಟು ಮೇಲೇರುತ್ತದೆ ಎಂಬುದು ಆ ತಂಡದ ಅಂದಾಜು. ಭೂಮಿಯ ಇಂಗಾಲದ ಜಮಾಖರ್ಚಿನಲ್ಲಿ ಒಂದು ಪುಟವೇ ಬರೆಯದೆ ಉಳಿದಿತ್ತು.

ಹೊರಬೀಳುವ ಈ ಇಂಗಾಲ ಎಲ್ಲಿಂದ ಬರುತ್ತದೆ? ಹಳ್ಳ ತಗ್ಗಿನಲ್ಲಿರುವುದರಿಂದ ಮೇಲಿನದೆಲ್ಲ ಅಲ್ಲಿಗೇ ಇಳಿಯುತ್ತದೆ: ತರಗೆಲೆ, ಕಡ್ಡಿ, ಬೆಳೆಯ ಕೂಳೆ, ದನದ ಸಗಣಿ, ಕುರಿ ಹಿಕ್ಕೆ, ಹೊಲದ ಮೇಲ್ಮಣ್ಣು. ನೀರು ಹರಿಯುತ್ತಿದ್ದರೆ ಇವು ಮುಂದಕ್ಕೆ ಸಾಗುತ್ತಿದ್ದವು. ನೀರಿಲ್ಲದಾಗ ಬಿದ್ದಲ್ಲೇ ಪದರ ಪದರವಾಗಿ ಕೂರುತ್ತವೆ. ಒಣ ಕಾಲದಲ್ಲಿ ಸೂಕ್ಷ್ಮಜೀವಿಗಳ ಕೆಲಸ ನಿಧಾನ. ಆದರೆ ಬಿಸಿಲು ಸುಮ್ಮನಿರುವುದಿಲ್ಲ. ಅರ್ಜೆಂಟೀನಾದ ಪ್ಯಾಟಗೋನಿಯಾ ಬಯಲಿನಲ್ಲಿ ಏಮಿ ಆಸ್ಟಿನ್ ಮತ್ತು ಲೂಸಿಯಾ ವಿವಾಂಕೊ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗ, ಬರಡು ನೆಲದಲ್ಲಿ ಉದುರಿದ ಎಲೆಯನ್ನು ಮುರಿಯುವ ದೊಡ್ಡ ಶಕ್ತಿ ಬಿಸಿಲೇ ಎಂದು ತೋರಿಸಿಕೊಟ್ಟಿತು. ಸೂರ್ಯನ ಕಿರಣ ಎಲೆಯ ಗಟ್ಟಿ ನಾರನ್ನು ಸಡಿಲಿಸುತ್ತದೆ, ಸ್ವಲ್ಪ ಇಂಗಾಲವನ್ನು ನೇರವಾಗಿ ಗಾಳಿಗೆ ಬಿಡುತ್ತದೆ, ಉಳಿದದ್ದನ್ನು ಸೂಕ್ಷ್ಮಜೀವಿಗಳಿಗೆ ಸುಲಭದ ತುತ್ತಾಗಿಸುತ್ತದೆ.

ಆ ತುತ್ತು ಬಾಯಿಗೆ ಸಿಗುವುದು ಮೊದಲ ಮಳೆಯ ದಿನ.

1950ರ ದಶಕದಲ್ಲಿ ಬರ್ಚ್ ಎಂಬ ಮಣ್ಣುವಿಜ್ಞಾನಿ ಕೀನ್ಯಾದ ಮುಗುಗದಲ್ಲಿದ್ದ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದರು. ಚೆನ್ನಾಗಿ ಒಣಗಿದ ಮಣ್ಣಿಗೆ ನೀರು ಬಿದ್ದಾಗ ಇಂಗಾಲದ ಡೈಆಕ್ಸೈಡ್ ಒಮ್ಮೆಗೇ ಉಕ್ಕುವುದನ್ನು, ಜೊತೆಗೆ ಸಸ್ಯಕ್ಕೆ ದಕ್ಕುವ ಸಾರಜನಕವೂ ಏರುವುದನ್ನು ಅವರು ಗಮನಿಸಿದರು. ಮಣ್ಣು ಎಷ್ಟು ಹೆಚ್ಚು ಕಾಲ ಒಣಗಿತ್ತೋ ಉಕ್ಕು ಅಷ್ಟು ಜೋರು. ಸದಾ ತೇವವಾಗಿದ್ದ ಮಣ್ಣಿನಲ್ಲಿ ಇದು ಆಗುತ್ತಿರಲಿಲ್ಲ. ಇಂದಿಗೂ ಇದನ್ನು ಬರ್ಚ್ ಪರಿಣಾಮ ಎಂದೇ ಕರೆಯುತ್ತಾರೆ. ಕಾರಣ ಹಲವು. ಬರಗಾಲದಲ್ಲಿ ಬದುಕುಳಿಯಲು ಸೂಕ್ಷ್ಮಜೀವಿಗಳು ತಮ್ಮ ಜೀವಕೋಶದೊಳಗೆ ಸಕ್ಕರೆ, ಅಮೈನೋ ಆಮ್ಲದಂಥ ವಸ್ತುಗಳನ್ನು ಕೂಡಿಟ್ಟುಕೊಂಡು ನೀರು ಹೊರಹೋಗದಂತೆ ನೋಡಿಕೊಳ್ಳುತ್ತವೆ. ಥಟ್ಟನೆ ಮಳೆ ಬಂದರೆ ಒಳಗಿನ ಒತ್ತಡಕ್ಕೆ ಒಡೆಯದಿರಲು ಅದನ್ನೆಲ್ಲ ಹೊರಚೆಲ್ಲಬೇಕು. ಒಡೆದು ಸತ್ತವು ಬದುಕಿದವಕ್ಕೆ ಆಹಾರ. ಮಣ್ಣಿನ ಹೆಂಟೆ ಬಿರಿದು ಒಳಗೆ ಬಚ್ಚಿಟ್ಟುಕೊಂಡಿದ್ದ ಸಾವಯವ ಪದಾರ್ಥವೂ ಹೊರಬೀಳುತ್ತದೆ. ಮೊದಲ ಮಳೆಗೆ ಮಣ್ಣು ಘಮ್ಮೆನ್ನುವ ಹೊತ್ತಿನಲ್ಲಿ ಕಣ್ಣಿಗೆ ಕಾಣದ ಈ ಗಲಾಟೆಯೂ ನಡೆಯುತ್ತಿರುತ್ತದೆ.

ಹಳ್ಳದ ತಳದಲ್ಲಿ ಇದರ ಪ್ರಮಾಣ ಎಷ್ಟೆಂದು ತಿಳಿಯಲು ಫ್ರಾನ್ಸಿನ ತಿಬೋ ದಾತ್ರಿ ಮುಂದಾಳತ್ವದಲ್ಲಿ 22 ದೇಶಗಳ 212 ಒಣ ಹಳ್ಳಗಳಿಂದ ತರಗೆಲೆ ಸಂಗ್ರಹಿಸಿ ಪ್ರಯೋಗಾಲಯದಲ್ಲಿ ನೆನೆಸಿ ನೋಡಲಾಯಿತು. 2018ರಲ್ಲಿ ಫಲಿತಾಂಶ ಬಂತು: ಇಂಥ ಹೊಳೆಗಳು ದಿನವೊಂದಕ್ಕೆ ಹೊರಬಿಡುವ ಇಂಗಾಲದ ಡೈಆಕ್ಸೈಡಿನ ಶೇ 10ರವರೆಗಿನ ಪಾಲು ಒಂದೇ ಸಲದ ಮರುತೇವದಿಂದ ಬರಬಹುದು. ಅಂದರೆ ವರ್ಷದ ಸರಾಸರಿ ತೆಗೆದು ಈ ಹಳ್ಳಗಳನ್ನು ಅರ್ಥ ಮಾಡಿಕೊಳ್ಳಲಾಗದು. ಅವುಗಳ ವ್ಯವಹಾರವೆಲ್ಲ ಕೆಲವೇ ಗಂಟೆಗಳಲ್ಲಿ, ಕೆಲವೇ ದಿನಗಳಲ್ಲಿ ಮುಗಿದುಹೋಗುತ್ತದೆ.

ಇನ್ನು ಸಾರಜನಕ. ಇದರ ಹಾದಿ ಇಂಗಾಲದ ಹಾದಿಗಿಂತ ಸುತ್ತುಬಳಸು, ಆದರೆ ರೈತರಿಗೂ ಕುಡಿಯುವ ನೀರಿಗೂ ನೇರ ಸಂಬಂಧವಿರುವುದು ಇದಕ್ಕೇ.

ನೀರು ನಿಂತಿರುವ ಹಳ್ಳದ ತಳದ ಕೆಸರಿನಲ್ಲಿ ಆಮ್ಲಜನಕ ಇರುವುದು ಮೇಲಿನ ತೆಳು ಪದರದಲ್ಲಿ ಮಾತ್ರ. ಕೆಳಗೆ ಕತ್ತಲು, ಉಸಿರುಕಟ್ಟು. ಅಲ್ಲಿನ ಬ್ಯಾಕ್ಟೀರಿಯಾಗಳು ಆಮ್ಲಜನಕ ಸಿಗದೆ, ನೀರಿನಲ್ಲಿ ಕರಗಿದ ಸಾರಜನಕದ ರೂಪವಾದ ನೈಟ್ರೇಟಿನಿಂದಲೇ ಉಸಿರಾಡುತ್ತವೆ. ಹಾಗೆ ಉಸಿರಾಡುತ್ತ ನೈಟ್ರೇಟನ್ನು ಹಂತ ಹಂತವಾಗಿ ಒಡೆದು ಕೊನೆಗೆ ಸಾರಜನಕದ ಅನಿಲವಾಗಿ ಗಾಳಿಗೆ ಬಿಡುತ್ತವೆ. ಗಾಳಿಯ ಶೇ 78 ಭಾಗ ಇದೇ ಅನಿಲ; ಯಾರಿಗೂ ತೊಂದರೆಯಿಲ್ಲ. ಹೊಲದಿಂದ ಬಸಿದು ಬಂದ ನೈಟ್ರೇಟ್ ಹೀಗೆ ಹಳ್ಳದಲ್ಲೇ ಇಲ್ಲವಾಗುತ್ತದೆ. ಬಿಟ್ಟಿಯಾಗಿ ಸಿಗುವ ಶುದ್ಧೀಕರಣ ಇದು. ಕೆಸರಿನ ಜೊಂಡುಹೊಂಡಗಳು ಈ ಕೆಲಸದಲ್ಲಿ ನಿಸ್ಸೀಮ.

ನೀರು ಇಳಿದು ತಳ ಒಣಗತೊಡಗಿದರೆ ಪಾತ್ರಗಳು ಬದಲಾಗುತ್ತವೆ. ಕೆಸರು ಬಿರುಕುಬಿಟ್ಟು ಗಾಳಿ ಒಳನುಗ್ಗುತ್ತದೆ. ಗಾಳಿ ಸಿಕ್ಕ ಮೇಲೆ ಬ್ಯಾಕ್ಟೀರಿಯಾಗಳಿಗೆ ಉಸಿರಾಡಲು ನೈಟ್ರೇಟ್ ಬೇಕಿಲ್ಲ, ಅದನ್ನು ಒಡೆಯುವ ಕೆಲಸ ನಿಲ್ಲಿಸುತ್ತವೆ. ಬದಲಿಗೆ ಗಾಳಿ ಬೇಕಾದ ಇನ್ನೊಂದು ಪಂಗಡ ಎದ್ದು ಕೂರುತ್ತದೆ. ರಷ್ಯಾದ ಸೆರ್ಗೈ ವಿನೊಗ್ರಾಡ್‌ಸ್ಕಿ 1890ರ ಹೊತ್ತಿಗೆ ಮೊದಲು ಬೇರ್ಪಡಿಸಿ ಬೆಳೆಸಿದ ಜೀವಿಗಳ ಕುಲ ಇದು. ಕೊಳೆತ ವಸ್ತುವಿನಿಂದ ಬಂದ ಅಮೋನಿಯಂ ಅನ್ನು ಇವು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಈಗ ನೈಟ್ರೇಟ್ ತಯಾರಾಗುತ್ತಿದೆ, ಒಡೆಯುವವರಿಲ್ಲ, ಹೀರಲು ಗಿಡವೂ ಕಡಿಮೆ, ಕೊಚ್ಚಿ ಒಯ್ಯಲು ನೀರಿಲ್ಲ. ಅದು ತಳದಲ್ಲಿ ಜಮೆಯಾಗುತ್ತ ಹೋಗುತ್ತದೆ. ಮುರ್ಸಿಯಾ ವಿಶ್ವವಿದ್ಯಾಲಯದ ರೋಸಾ ಗೋಮೆಸ್, ಮರಿಯಾ ಇಸಾಬೆಲ್ ಆರ್ಸೆ ಮತ್ತು ಅವರ ಸಂಗಡಿಗರು ಸೆಗುರಾ ನದಿಯ ಸೀಮೆಯ ತೊರೆಗಳ ಕೆಸರನ್ನು ಒಣಗಿಸಿ, ಮತ್ತೆ ನೆನೆಸಿ, ಮತ್ತೆ ಒಣಗಿಸಿ ವರ್ಷಗಟ್ಟಲೆ ಅಧ್ಯಯನ ಮಾಡಿದ್ದು ಈ ಪಾತ್ರಬದಲಾವಣೆಯನ್ನೇ. ತೀರಾ ಒಣಗಿ ಬೂದಿಯಂತಾದ ಮೇಲೆ ಎಲ್ಲ ಕೆಲಸವೂ ನಿಲ್ಲುತ್ತದೆ. ಜಮೆಯಾದದ್ದು ಮಾತ್ರ ಹಾಗೇ ಕಾದಿರುತ್ತದೆ.

ಪ್ರವಾಹ ಬಂದಾಗ ಈ ನೈಟ್ರೇಟ್ ಎದ್ದು ಹೊರಡುತ್ತದೆ. ನೀರು ನಿಧಾನವಾಗಿ ಬಂದು, ಕೆಲವು ದಿನ ನಿಂತು, ತಳ ಮತ್ತೆ ಕೆಸರಾದರೆ ಒಡೆಯುವ ಬ್ಯಾಕ್ಟೀರಿಯಾಗಳು ಮರಳಿ ಎದ್ದು ಒಂದಷ್ಟನ್ನು ಅಲ್ಲೇ ತೀರಿಸುತ್ತವೆ. ನೀರು ಧಾವಿಸಿ ಬಂದು ಧಾವಿಸಿ ಹೋದರೆ ಇಡೀ ಹೊರೆ ಕೆಳಗಿನವರ ಪಾಲು. ಒಡೆಯುವ ಕೆಲಸ ಅರ್ಧಕ್ಕೆ ನಿಂತರೆ ಮತ್ತೊಂದು ಅಪಾಯವಿದೆ: ನೈಟ್ರಸ್ ಆಕ್ಸೈಡ್ ಎಂಬ ಅನಿಲ ಹೊರಬೀಳುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದರ ಒಂದು ಕಿಲೋ, ಇಂಗಾಲದ ಡೈಆಕ್ಸೈಡಿನ ಸುಮಾರು 273 ಕಿಲೋದಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ.

ಇಲ್ಲಿಗೆ ಇಂಗಾಲ ಮತ್ತು ಸಾರಜನಕದ ಕಥೆಗಳು ಕೂಡಿಕೊಳ್ಳುತ್ತವೆ. ನೈಟ್ರೇಟ್ ಒಡೆಯುವ ಬ್ಯಾಕ್ಟೀರಿಯಾಕ್ಕೆ ಆಹಾರವೂ ಬೇಕು, ಆ ಆಹಾರ ಇಂಗಾಲ. ರಸಾಯನಶಾಸ್ತ್ರದ ಸರಳ ಲೆಕ್ಕದಲ್ಲಿ 4 ನೈಟ್ರೇಟುಗಳನ್ನು ಸಾರಜನಕದ ಅನಿಲವಾಗಿಸಲು ಸಾವಯವ ಪದಾರ್ಥದ 5 ಇಂಗಾಲದ ಪರಮಾಣುಗಳು ಖರ್ಚಾಗುತ್ತವೆ. ತರಗೆಲೆ, ಸಗಣಿ, ಬೇರು, ಜೊಂಡು ಇರುವ ಹಳ್ಳದಲ್ಲಿ ಈ ಖರ್ಚಿಗೆ ಹಣವಿದೆ. ದಂಡೆಯ ಗಿಡಮರ ಕಡಿದು, ತಳವನ್ನು ಸವರಿ, ಕಾಂಕ್ರೀಟು ಹಾಕಿದ ಹಳ್ಳದಲ್ಲಿ ನೈಟ್ರೇಟ್ ಎಷ್ಟೇ ಬಂದರೂ ಬ್ಯಾಕ್ಟೀರಿಯಾದ ಕೈ ಖಾಲಿ. ಒಣ ಸೀಮೆಯ ಹಳ್ಳ ಮೊದಲೇ ಇಂಗಾಲದಲ್ಲಿ ಬಡವ. ಅಂಥ ಹಳ್ಳದ ನೆತ್ತಿಯ ಮೇಲೆ ಮೂಟೆಗಟ್ಟಲೆ ಸಾರಜನಕ ಸುರಿಯುವ ಬೇಸಾಯ ಬಂದರೆ ಏನಾಗುತ್ತದೆ ಎಂಬುದಕ್ಕೆ ಮಾರ್ ಮೆನೊರ್ ಸುತ್ತಣ ಬಯಲಿಗಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಆ ಬಯಲಿನ ಹೆಸರು ಕಂಪೊ ದೆ ಕಾರ್ತಹೇನಾ. ವರ್ಷಕ್ಕೆ ಬೀಳುವ ಮಳೆ ಹೆಚ್ಚೆಂದರೆ 300 ಮಿ.ಮೀ. ಆಸುಪಾಸು, ನಮ್ಮ ಚಳ್ಳಕೆರೆ, ಮೊಳಕಾಲ್ಮೂರಿನ ಕಡೆ ಬೀಳುವುದಕ್ಕಿಂತಲೂ ಕಡಿಮೆ. ಹಿಂದೆ ಅಲ್ಲಿನವರು ಮಳೆ ನಂಬಿ ಗೋಧಿ, ಬಾದಾಮಿ ಬೆಳೆಯುತ್ತಿದ್ದರು, ಗಾಳಿಯಂತ್ರದಿಂದ ಬಾವಿಯ ನೀರೆತ್ತುತ್ತಿದ್ದರು. 1979ರಲ್ಲಿ ಎಲ್ಲ ಬದಲಾಯಿತು. ದೇಶದ ನಡುಭಾಗದ ತಾಹೊ ನದಿಯಿಂದ ಸುಮಾರು 290 ಕಿ.ಮೀ. ಉದ್ದದ ಕಾಲುವೆಯಲ್ಲಿ ನೀರು ಸೆಗುರಾ ಸೀಮೆಗೆ ಹರಿದು ಬಂತು. ಲೆಟ್ಯೂಸ್, ಬ್ರೊಕೊಲಿ, ಕರಬೂಜ, ದೊಣ್ಣೆಮೆಣಸಿನಕಾಯಿ, ನಿಂಬೆ. ಒಂದು ಬೆಳೆ ಎತ್ತಿದ ಬೆನ್ನಿಗೇ ಇನ್ನೊಂದು. ಚಳಿಗಾಲದಲ್ಲಿ ಯುರೋಪಿನ ಅಂಗಡಿಗಳಿಗೆ ಹಸಿರು ತರಕಾರಿ ಕಳಿಸುವ ತೋಟವಾಯಿತು ಆ ಬಯಲು. ಬಡತನದಲ್ಲಿದ್ದ ಸೀಮೆಗೆ ದುಡ್ಡು ಬಂತು, ಕೆಲಸ ಬಂತು. ಅದನ್ನು ಅಲ್ಲಗಳೆಯುವಂತಿಲ್ಲ, ಅಲ್ಲಿನ ರೈತರನ್ನು ಖಳರಂತೆ ಚಿತ್ರಿಸುವುದೂ ಸರಿಯಲ್ಲ.

ಆದರೆ ಹನಿ ನೀರಾವರಿಯ ಕೊಳವೆಯಲ್ಲೇ ಗೊಬ್ಬರ ಕರಗಿಸಿ ಕೊಟ್ಟರೂ ಕೊಟ್ಟದ್ದನ್ನೆಲ್ಲ ಗಿಡ ಉಣ್ಣುವುದಿಲ್ಲ. ಉಳಿದ ನೈಟ್ರೇಟ್ ನೀರಿನ ಜೊತೆ ಇಳಿದು ಬಯಲಿನ ಮೇಲ್ಪದರದ ಅಂತರ್ಜಲ ಸೇರಿತು. ಹೊರಗಿನ ನೀರು ವರ್ಷಾನುಗಟ್ಟಲೆ ಬಂದು ಅಂತರ್ಜಲದ ಮಟ್ಟ ಏರಿತು. ಕಾಲುವೆಯ ನೀರು ಸಾಲದೆ ಬಂದಾಗ ರೈತರು ಉಪ್ಪಾದ ಬಾವಿ ನೀರನ್ನೇ ಎತ್ತಿ, ಸಣ್ಣ ಯಂತ್ರಗಳಲ್ಲಿ ಉಪ್ಪು ತೆಗೆದು ಬಳಸಿದರು. ತೆಗೆದುಳಿದ ಗಾಢ ಉಪ್ಪುನೀರಿನಲ್ಲಿ ನೈಟ್ರೇಟ್ ಕೂಡ ಗಾಢ. ಅದನ್ನು ಎಲ್ಲಿಗೆ ಬಿಡುವುದು? ಹತ್ತಿರದ ಒಣ ಹಳ್ಳಕ್ಕೆ.

ಆ ಬಯಲಿನ ಅತಿ ದೊಡ್ಡ ಹಳ್ಳ ಅಲ್ಬುಹೋನ್. ಮಳೆ ಬಂದಾಗ ಮಾತ್ರ ಹರಿಯುತ್ತಿದ್ದ ಅದು ಕೊನೆಯ ಕೆಲವು ಕಿಲೋಮೀಟರುಗಳಲ್ಲಿ ಈಗ ವರ್ಷಪೂರ್ತಿ ಹರಿಯುತ್ತದೆ. ಒಣ ಹಳ್ಳಕ್ಕೆ ನೀರು ಬಂದರೆ ಸಂತೋಷಪಡಬೇಕಾದ ಮಾತು. ಇಲ್ಲಿ ಹಾಗಿಲ್ಲ. ಹರಿಯುವುದು ಉಕ್ಕಿದ ಅಂತರ್ಜಲ ಮತ್ತು ಹೊಲದ ಬಸಿನೀರು. ಕುಡಿಯುವ ನೀರಿಗೆ ಯುರೋಪ್ ಇಟ್ಟ ಮಿತಿ ಲೀಟರಿಗೆ 50 ಮಿಲಿಗ್ರಾಂ ನೈಟ್ರೇಟ್. ಅಲ್ಬುಹೋನಿನ ನೀರಿನಲ್ಲಿ ಅದು 100 ಮಿಲಿಗ್ರಾಂ ದಾಟಿರುವುದು ಸಾಮಾನ್ಯ. ಒಣಗಿದಾಗ ಕೂಡಿಟ್ಟು, ನೆನೆದಾಗ ತೀರಿಸುವ ಹಳ್ಳದ ಹಳೆಯ ಲಯವೇ ಕೆಟ್ಟಿತು.

ಮಾರ್ ಮೆನೊರ್ 135 ಚದರ ಕಿ.ಮೀ. ವಿಸ್ತಾರದ್ದು, ಸರಾಸರಿ ಆಳ 4 ಮೀಟರ್ ಮಾತ್ರ. ತೆಳ್ಳನೆಯ ಮರಳುಪಟ್ಟಿಯೊಂದು ಅದನ್ನು ಮೆಡಿಟರೇನಿಯನ್ ಸಮುದ್ರದಿಂದ ಬೇರ್ಪಡಿಸಿದೆ. ತಳ ಕಾಣುವಷ್ಟು ತಿಳಿಯಾದ ನೀರಿಗೆ ಅದು ಹೆಸರಾಗಿತ್ತು. 2016ರಲ್ಲಿ ಆ ನೀರು ಹಸಿರು ಗಂಜಿಯಾಯಿತು. ಪಾಚಿ ದಟ್ಟವಾಗಿ ಬೆಳಕು ತಳ ಮುಟ್ಟಲಿಲ್ಲ. ತಳದ ಸಸ್ಯಗಳಲ್ಲಿ ಶೇ 85ರಷ್ಟು ನಾಶವಾದವು. 2019ರಲ್ಲಿ ಮೀನುಗಳ ಸಾವು, 2021ರ ಆಗಸ್ಟ್‌ನಲ್ಲಿ ಮತ್ತೆ ಅದೇ ದೃಶ್ಯ. ಆಗ ಹತ್ತಾರು ಸಾವಿರ ಜನ ಸರೋವರದ ದಂಡೆಯುದ್ದಕ್ಕೂ ಕೈ ಕೈ ಹಿಡಿದು ನಿಂತರು. ಮುರ್ಸಿಯಾ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕಿ ತೆರೇಸಾ ವಿಸೆಂತೆ ನಡೆಸಿದ ಅಭಿಯಾನಕ್ಕೆ 6 ಲಕ್ಷಕ್ಕೂ ಹೆಚ್ಚು ಸಹಿಗಳು ಬಂದವು. 2022ರಲ್ಲಿ ಸ್ಪೇನಿನ ಸಂಸತ್ತು ಮಾರ್ ಮೆನೊರ್‌ಗೆ ಕಾನೂನಿನ ಕಣ್ಣಿನಲ್ಲಿ ವ್ಯಕ್ತಿಯ ಸ್ಥಾನ ಕೊಟ್ಟಿತು. ಯುರೋಪಿನಲ್ಲಿ ಯಾವ ಜಲಮೂಲಕ್ಕೂ ಅದುವರೆಗೆ ಸಿಗದಿದ್ದ ಸ್ಥಾನ ಅದು. 2024ರಲ್ಲಿ ಆ ದೇಶದ ಸಂವಿಧಾನ ನ್ಯಾಯಾಲಯವೂ ಈ ಕಾನೂನನ್ನು ಎತ್ತಿಹಿಡಿಯಿತು. ಅದೇ ವರ್ಷ ವಿಸೆಂತೆ ಅವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು.

ಸರೋವರಕ್ಕೆ ಹಕ್ಕು ಬಂದದ್ದು ದೊಡ್ಡ ವಿಷಯ. ಆದರೂ ಸರೋವರದ ಆರೋಗ್ಯ ತೀರ್ಮಾನವಾಗುವುದು ಮೇಲಿನ ಹಳ್ಳಗಳಲ್ಲಿ, ಹೊಲಗಳಲ್ಲಿ. ಮುರ್ಸಿಯಾ ಪ್ರಾಂತ್ಯದ 2020ರ ಕಾನೂನು ಸರೋವರದ ದಂಡೆಯಿಂದ 500 ಮೀಟರ್ ಒಳಗೆ ಗೊಬ್ಬರ ಹಾಕುವುದನ್ನು ನಿಷೇಧಿಸಿತು, ಹೊಲದ ಅಂಚಿಗೆ ಗಿಡಗಂಟಿಗಳ ತಡೆ ಬೆಳೆಸಬೇಕೆಂದಿತು. ಸ್ಪೇನ್ ಸರ್ಕಾರವೂ 2021ರಲ್ಲಿ ದೊಡ್ಡ ಮೊತ್ತದ ಯೋಜನೆ ಹಾಕಿಕೊಂಡಿತು. ಹಳ್ಳಗಳ ಸಹಜ ರೂಪ ಮರಳಿ ತರುವುದು, ಜೌಗು ನಿರ್ಮಿಸುವುದು ಅದರಲ್ಲಿ ಸೇರಿವೆ.

ಇವೆಲ್ಲಕ್ಕಿಂತ ಮನಸ್ಸಿಗೆ ಹಿಡಿಸುವುದು ಕಾರ್ತಹೇನಾ ತಾಂತ್ರಿಕ ವಿಶ್ವವಿದ್ಯಾಲಯದವರ ಒಂದು ಪ್ರಯೋಗ. ಅದಕ್ಕೆ ಬೇಕಾದದ್ದು ಆ ಬಯಲಿನಲ್ಲಿ ಬೇಕಾದಷ್ಟು ಸಿಗುವ ನಿಂಬೆ ಜಾತಿಯ ಮರಗಳ ಕಟ್ಟಿಗೆ ಚೂರು. ಗುಂಡಿಯಂಥ ತೊಟ್ಟಿಗೆ ಚೂರು ತುಂಬಿ, ನೈಟ್ರೇಟ್ ತುಂಬಿದ ಉಪ್ಪುನೀರನ್ನು ಅದರ ಮೂಲಕ ನಿಧಾನವಾಗಿ ಹಾಯಿಸುತ್ತಾರೆ. ಕಟ್ಟಿಗೆಯ ಇಂಗಾಲ ಉಂಡು ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಅನಿಲವಾಗಿ ಬಿಡುತ್ತವೆ. ಸಮುದ್ರದಷ್ಟಲ್ಲದಿದ್ದರೂ ಸಾಕಷ್ಟು ಉಪ್ಪಿರುವ ಆ ನೀರಿನಲ್ಲೂ ಅವು ಕೆಲಸ ಮಾಡುತ್ತವೆಂದು ಕಂಡುಬಂತು. ಪರೀಕ್ಷಿಸಿದ ವಸ್ತುಗಳ ಪೈಕಿ ಈ ಕಟ್ಟಿಗೆಯೇ ಈ ಕೆಲಸಕ್ಕೆ ಹೆಚ್ಚು ತಕ್ಕದ್ದಾಗಿತ್ತು. ಹಳ್ಳ ಕಳೆದುಕೊಂಡ ಇಂಗಾಲವನ್ನು ಮನುಷ್ಯ ಕೈಯಾರೆ ಮರಳಿ ಕೊಡುವ ಕೆಲಸ ಇದು. ಜೋಪಾನವಾಗಿ ಮಾಡಬೇಕು, ನೀರು ಬೇಗ ಹಾಯ್ದರೆ ಕೆಲಸ ಅರ್ಧಕ್ಕೇ ನಿಂತು ನೈಟ್ರಸ್ ಆಕ್ಸೈಡ್ ಹೊರಬೀಳಬಹುದು. ಮೊದಲಿಗೆ ಹೊಲಕ್ಕೆ ಹಾಕುವ ಗೊಬ್ಬರವೇ ತಗ್ಗದಿದ್ದರೆ ಎಷ್ಟು ತೊಟ್ಟಿ ತೋಡಿದರೂ ಸಾಲದು ಎಂಬುದೂ ನಿಜ.

ಕರ್ನಾಟಕಕ್ಕೂ ಈ ಮಾತು ಅನ್ವಯಿಸುತ್ತದೆಯೇ? ಕೇಂದ್ರ ಅಂತರ್ಜಲ ಮಂಡಳಿ 2024ರ ಕೊನೆಗೆ ಬಿಡುಗಡೆ ಮಾಡಿದ ವರದಿಯಲ್ಲಿ ದೇಶದ ಅಂತರ್ಜಲ ಮಾದರಿಗಳ ಪೈಕಿ ಶೇ 20ರ ಆಸುಪಾಸಿನಲ್ಲಿ ನೈಟ್ರೇಟ್ ಮಿತಿ ಮೀರಿತ್ತು. ಭಾರತದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಕರ್ನಾಟಕದ ಮಾದರಿಗಳಲ್ಲಿ ಮಿತಿ ಮೀರಿದವು ಹತ್ತಿರ ಹತ್ತಿರ ಅರ್ಧ. ರಾಜಸ್ಥಾನ ಮತ್ತು ಕರ್ನಾಟಕ ಈ ಪಟ್ಟಿಯ ತಲೆಯಲ್ಲಿ ಅಕ್ಕಪಕ್ಕ ನಿಂತಿವೆ. ಎಳೆಗೂಸುಗಳ ರಕ್ತ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಕುಗ್ಗಿಸುವ ಮಟ್ಟಕ್ಕೆ ಹೋಗಬಲ್ಲ ಮಾಲಿನ್ಯ ಇದು. ಎಲ್ಲ ನೈಟ್ರೇಟೂ ರಸಗೊಬ್ಬರದಿಂದ ಬಂದದ್ದಲ್ಲ. ಚರಂಡಿ, ಶೌಚಗುಂಡಿ, ತಿಪ್ಪೆಗಳ ಪಾಲೂ ದೊಡ್ಡದು. ಆದರೆ ಯಾವ ಮೂಲದಿಂದ ಬಂದರೂ ಅದು ಇಳಿಯುವ ತಗ್ಗು ಹಳ್ಳವೇ.

ಮುರ್ಸಿಯಾದ ಹಳ್ಳಗಳಿಗೂ ನಮ್ಮವಕ್ಕೂ ಮುಖ್ಯವಾದ ಒಂದು ವ್ಯತ್ಯಾಸವಿದೆ. ನಮ್ಮ ಬಯಲುಸೀಮೆಯ ಹಳ್ಳದ ನೀರಿನ ದೊಡ್ಡ ಪಾಲು ದೂರ ಹರಿಯುವುದಿಲ್ಲ, ಮರಳಿನಲ್ಲೇ ಇಂಗುತ್ತದೆ. ಮಧುಗಿರಿ, ಪಾವಗಡದ ಕಡೆ ಜನ ತಲಪರಿಗೆ ಎಂದು ಕರೆದು ಕಾಪಾಡಿಕೊಂಡು ಬಂದ ಒರತೆಗಳಿಗೆ ಮೂಲ ಇದೇ ಇಂಗುವಿಕೆ. ಆದ್ದರಿಂದ ಒಣ ಕಾಲದಲ್ಲಿ ತಳದಲ್ಲಿ ಕೂಡಿದ ನೈಟ್ರೇಟ್ ಇಲ್ಲಿ ಯಾವುದೋ ಸರೋವರವನ್ನು ಹಸಿರಾಗಿಸಿ ಎಲ್ಲರ ಕಣ್ಣಿಗೆ ಬೀಳುವುದಿಲ್ಲ. ಸದ್ದಿಲ್ಲದೆ ಕೆಳಗಿಳಿದು ಬೋರ್‌ವೆಲ್ ಸೇರುತ್ತದೆ, ಅಲ್ಲಿಂದ ಕೊಡಕ್ಕೆ ಬರುತ್ತದೆ.

ಇಳಿಯುವ ಹಾದಿಯಲ್ಲಿ ಅದನ್ನು ತಡೆಯಬಲ್ಲದ್ದು ಮರಳು. ಪ್ರತಿ ಮರಳಕಣದ ಮೇಲೂ ಸೂಕ್ಷ್ಮಜೀವಿಗಳ ತೆಳು ಲೋಳೆಪದರವಿರುತ್ತದೆ. ಹಳ್ಳದ ರಸಾಯನ ನಡೆಯುವುದು ಆ ಪದರದಲ್ಲಿ. ಮರಳನ್ನು ಬಂಡೆಯವರೆಗೆ ತೋಡಿ ಲಾರಿಗೆ ತುಂಬಿದಾಗ ನೀರು ಹಿಡಿಯುವ ಶಕ್ತಿಯ ಜೊತೆ ಈ ಶುದ್ಧೀಕರಣದ ಜಾಗವೂ ಹೋಗುತ್ತದೆ. ಮರಳುಗಣಿಗಾರಿಕೆಯ ಚರ್ಚೆಯಲ್ಲಿ ಈ ಎರಡನೆಯ ನಷ್ಟವನ್ನು ಯಾರೂ ಎತ್ತುವುದಿಲ್ಲ. ಎತ್ತಬೇಕು.

ಬಳ್ಳಾರಿ ಜಾಲಿಯ ವಿಷಯವನ್ನೂ ಇಲ್ಲಿ ನೆನೆಯಬೇಕು. ಅಮೆರಿಕಾ ಖಂಡದಿಂದ ಬಂದ ಈ ಮುಳ್ಳುಗಿಡ ಹಗರಿಯಂಥ ಹೊಳೆಗಳ ಒಣ ಪಾತ್ರವನ್ನೇ ಆಕ್ರಮಿಸಿದೆ. ಬೇರಿನ ಗಂಟುಗಳ ನೆರವಿನಿಂದ ಅದು ಗಾಳಿಯ ಸಾರಜನಕವನ್ನು ಹಿಡಿಯುತ್ತದೆ. ಅದರ ಎಲೆ ಉದುರಿದಲ್ಲಿ ಮಣ್ಣಿಗೆ ಇಂಗಾಲವೂ ಸಾರಜನಕವೂ ಒಟ್ಟಿಗೆ ಸೇರುತ್ತವೆ. ನೀರು ಹೀರುವ ಈ ಗಿಡ ಹಳ್ಳದ ನೈಟ್ರೇಟನ್ನು ಹೆಚ್ಚಿಸುತ್ತದೋ, ಒಡೆಯುವ ಬ್ಯಾಕ್ಟೀರಿಯಾಕ್ಕೆ ಆಹಾರವಾಗಿ ತಗ್ಗಿಸುತ್ತದೋ ಎಂಬುದು ನಮ್ಮ ಕೃಷಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಲು ಯೋಗ್ಯವಾದ ಪ್ರಶ್ನೆ.

ಹೊಲದ ಕಡೆಯ ಲೆಕ್ಕವೂ ಇದೆ. ಈಗಿನ 45 ಕಿಲೋದ ಯೂರಿಯಾ ಮೂಟೆಯಲ್ಲಿ ಶೇ 46ರಂತೆ ಸುಮಾರು 21 ಕಿಲೋ ಸಾರಜನಕವಿದೆ. ಯೂರಿಯಾದಲ್ಲಿ ಇಂಗಾಲವೂ ಇದೆಯಾದರೂ ಮಣ್ಣಿಗೆ ಬಿದ್ದ ಮೇಲೆ ಅದು ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ, ಸೂಕ್ಷ್ಮಜೀವಿಗೆ ಊಟವಾಗುವುದಿಲ್ಲ. ಸುಗ್ಗಿ ಮುಗಿದ ಹೊಲದಲ್ಲಿ ಕುರಿ ಮಂದೆ ತರುಬಿಸುವ ಹಳೆಯ ವಾಡಿಕೆಯಲ್ಲಿ ಸಾರಜನಕದ ಬೆನ್ನಿಗೇ ಇಂಗಾಲವೂ ನೆಲ ಸೇರುತ್ತದೆ. ಹಾಗೆಂದು ಯೂರಿಯಾ ಬಿಟ್ಟುಬಿಡಿ ಎಂದು ರೈತರಿಗೆ ಹೇಳುವುದು ಹೊಟ್ಟೆ ತುಂಬಿದವರ ಮಾತಾದೀತು. ಒಂದೇ ಸಲ ಚೆಲ್ಲುವ ಬದಲು ಬೆಳೆ ಕೇಳಿದ ಹೊತ್ತಿಗೆ ಕಂತಿನಲ್ಲಿ ಕೊಡುವುದು, ಕೊಟ್ಟಿಗೆ ಗೊಬ್ಬರದ ಜೊತೆ ಕೊಡುವುದು, ಹಳ್ಳದ ಬದುವಿಗೆ ಹತ್ತಿಪ್ಪತ್ತು ಹೆಜ್ಜೆಯಷ್ಟು ಜಾಗದಲ್ಲಿ ಹುಲ್ಲು, ಹೊಂಗೆ, ಲಕ್ಕಿ ಬೆಳೆಯಲು ಬಿಡುವುದು ಇವೆಲ್ಲ ಈಗಿರುವ ಬೇಸಾಯದೊಳಗೇ ಸಾಧ್ಯ.

ಸರ್ಕಾರಿ ವ್ಯವಸ್ಥೆಯಿಂದ ಆಗಬೇಕಾದದ್ದು ಇನ್ನೊಂದು. ಅಂತರ್ಜಲದ ಮಾದರಿಗಳನ್ನು ಮುಖ್ಯವಾಗಿ ಮುಂಗಾರಿಗೆ ಮೊದಲು ತೆಗೆಯುವುದು ರೂಢಿ. ಹಳ್ಳದ ವ್ಯವಹಾರ ತಿಳಿಯಬೇಕಾದರೆ ಅದು ಸಾಲದು. ಮೊದಲ ನೀರು ಬಂದ ದಿನ ಹಳ್ಳದಿಂದಲೇ ಮಾದರಿ ಎತ್ತಬೇಕು, ವಾರ ಬಿಟ್ಟು ಮತ್ತೊಮ್ಮೆ ಎತ್ತಬೇಕು, ಪಕ್ಕದ ಬೋರ್‌ವೆಲ್ಲಿನ ನೀರಿನ ಜೊತೆ ಹೋಲಿಸಬೇಕು. ಆ ದಿನ ಇಲಾಖೆಯ ವಾಹನ ಜಿಲ್ಲಾ ಕೇಂದ್ರದಿಂದ ಹಳ್ಳಕ್ಕೆ ಬಂದು ಮುಟ್ಟುವಷ್ಟರಲ್ಲಿ ನೀರು ಇಳಿದುಹೋಗಿರುತ್ತದೆ. ಗ್ರಾಮ ಪಂಚಾಯಿತಿಯ ನೀರುಗಂಟಿಯ ಕೈಗೆ ನಾಲ್ಕು ತೊಳೆದ ಬಾಟಲಿ ಮತ್ತು ನೈಟ್ರೇಟ್ ಪರೀಕ್ಷೆಯ ಕಿಟ್ ಕೊಟ್ಟರೆ, ಯಾವ ಹಳ್ಳ ಯಾವ ವರ್ಷ ಏನು ಹೊತ್ತು ತಂದಿತು ಎಂಬ ದಾಖಲೆ ಊರಿನಲ್ಲೇ ಉಳಿಯುತ್ತದೆ.